ವಿಜಯಪುರದ ಹಳೆ ಮೀಟರ್ ಗೇಜ್ ರೈಲಿನ ಪುಟ್ಟ ಮಾದರಿಯನ್ನು ಮನೆಯ ಮಾಡೆಲ್ ರೈಲು ಲೇಔಟ್‌ನಲ್ಲಿ ಓಡಿಸಲು ಯಾವ ಹಳಿ ತಗೋಬೇಕು?

12 ಮಿ.ಮೀ. ಹಳಿ ತಗೊಳ್ಳಿ, ಅಂದ್ರೆ ಎರಡು ಕಂಬಿಗಳ ನಡುವಿನ ಅಂತರ ಅಷ್ಟು. ಸುಲಭವಾಗಿ ಸಿಗುವ ಎಚ್‌ಒ (ಮಾಡೆಲ್ ರೈಲಿನ ಒಂದು ಅಳತೆ) ಸೆಟ್ಟಿನ ಹಳಿ 16.5 ಮಿ.ಮೀ. ಅಗಲ, ಅದು ಹೊರದೇಶಗಳ 1,435 ಮಿ.ಮೀ. ಹಳಿಯ ಲೆಕ್ಕ. ಬಾಗಲಕೋಟೆ-ವಿಜಯಪುರ ದಾರಿ ಬ್ರಾಡ್ ಗೇಜ್ ಆಗುವ ಮುಂಚೆ ಇದ್ದದ್ದು 1,000 ಮಿ.ಮೀ. ಎಚ್‌ಒ ಅಳತೆ 1:87, ಅಂದ್ರೆ ನಿಜದ್ದರ 87ರಲ್ಲಿ ಒಂದು ಭಾಗ ಅಲ್ವಾ, 1,000ವನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ. ಅರ್ಧ ಮಿಲಿಮೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ ಬಿಡಿ.

ಟಿಟಿ ಅನ್ನೋ ಇನ್ನೊಂದು ಮಾಡೆಲ್ ಅಳತೆಯ ಎಂಜಿನ್ನುಗಳೂ ಇದೇ 12 ಮಿ.ಮೀ. ಹಳಿಯಲ್ಲೇ ಓಡುತ್ತವೆ. ಹಳೆಯದೊಂದು ಸಿಕ್ಕರೆ ಮೇಲಿನ ಬಾಡಿ ಬಿಚ್ಚಿ, ಪ್ಲಾಸ್ಟಿಕ್ ಶೀಟಿನಲ್ಲಿ ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಎಂಜಿನ್ನಿನ ಬಾಡಿ ನೀವೇ ಕಟ್ಟಿ ಕೂರಿಸಿ. ಮಜಾ ಇರುವುದೇ ಅದರಲ್ಲಿ. ಒಳಗೆ ಸೀಸದ ತುಂಡು ಇಡಿ, ಇಲ್ಲದಿದ್ದರೆ ಏರಿನಲ್ಲಿ ಗಾಲಿ ಸುಮ್ನೆ ತಿರುಗುತ್ತವೆ.

ನಮ್ಮೂರ ಧೂಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಹಳಿ ಒರೆಸಿ. ಸ್ಯಾಂಡ್‌ಪೇಪರ್ ಬೇಡ, ಗೀರಿನಲ್ಲಿ ಕೊಳೆ ಜಾಸ್ತಿ ಕೂರುತ್ತದೆ.