18 ವೋಲ್ಟ್ ಡ್ರಿಲ್ ಬ್ಯಾಟರಿಗೆ 150 ರೂಪಾಯಿ ಸೆಲ್ ಸಾಕಾ, 400ರದ್ದೇ ಬೇಕಾ?

ನೀವು ಕೇಳಿದ್ದು ಇಷ್ಟು: ಡ್ರಿಲ್ ಪ್ಯಾಕ್ ಬಿಚ್ಚಿದ್ರೆ ಒಳಗೆ ಹತ್ತು 18650 ಸೆಲ್‌ಗಳಿವೆ (18 ಮಿ.ಮೀ. ದಪ್ಪ, 65 ಉದ್ದದ ಲಿಥಿಯಂ ಸೆಲ್), ಎರಡೆರಡರ ಐದು ಜೋಡಿ, ಅಂದ್ರೆ 5ಎಸ್2ಪಿ: ಜೋಡಿಯೊಳಗೆ ಎರಡು ಸೆಲ್ ಪ್ಯಾರಲಲ್ (ಪಿ), ಐದು ಜೋಡಿ ಸಾಲಾಗಿ ಸೀರೀಸ್‌ನಲ್ಲಿ (ಎಸ್). ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ '3000 ಎಂಎಎಚ್ ಹೈ ಡ್ರೇನ್' (ಒಮ್ಮೆಗೇ ಜಾಸ್ತಿ ಕರೆಂಟ್ ಕೊಡೋದು) ಅಂತ ಬರೆದ, ಕಂಪನಿ ಹೆಸರಿಲ್ಲದ ಸೆಲ್ಲಿಗೆ 150 ಹೇಳ್ತಾರೆ. 2500 ಎಂಎಎಚ್‌ನ ಸ್ಯಾಮ್ಸಂಗ್ 25ಆರ್‌ಗೆ 400. ಕಡಿಮೆ ಎಂಎಎಚ್‌ಗೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?

25ಆರ್ ಹಾಕಿಸಿ. ಅದೇ ಅಂಗಡಿಯಲ್ಲಿ ಸ್ಯಾಮ್ಸಂಗ್ 30ಕ್ಯೂ 480ರ ಒಳಗೆ ಸಿಕ್ಕಿದ್ರೆ ಅದು ಇನ್ನೂ ಒಳ್ಳೇದು. ಹೆಸರಿಲ್ಲದ್ದು ಟಾರ್ಚಿಗೆ ಸರಿ, ಡ್ರಿಲ್ಲಿಗೆ ಬೇಡ.

ಎಂಎಎಚ್ ಅಂದ್ರೆ ಟ್ಯಾಂಕ್ ಎಷ್ಟು ದೊಡ್ಡದು ಅಂತ. ಡ್ರಿಲ್ಲಿಗೆ ಮುಖ್ಯ ಆಗೋದು ನಲ್ಲಿ ಎಷ್ಟು ಅಗಲ ಅನ್ನೋದು, ಅಂದ್ರೆ ಸೆಲ್‌ನ ಒಳ ಪ್ರತಿರೋಧ. ನಿಮ್ಮ ಡ್ರಿಲ್ ಕಾಂಕ್ರೀಟ್ ಕೊರೆಯುವಾಗ 30 ಆಂಪಿಯರ್ ಎಳೀತು ಅಂದುಕೊಳ್ಳಿ. ಜೋಡಿಯಲ್ಲಿ ಹಂಚಿಕೊಂಡ್ರೆ ಒಂದೊಂದು ಸೆಲ್‌ಗೆ 15. ಒಳ್ಳೆ ಹೈ ಡ್ರೇನ್ ಸೆಲ್‌ನ ಪ್ರತಿರೋಧ ಸುಮಾರು 20 ಮಿಲಿಓಮ್. 15 ಆಂಪಿಯರ್‌ಗೆ 0.3 ವೋಲ್ಟ್ ಇಳಿಯುತ್ತೆ, 3.6ರ ಸೆಲ್ 3.3ಕ್ಕೆ ನಿಲ್ಲುತ್ತೆ. ಹೆಸರಿಲ್ಲದ ಸೆಲ್‌ನಲ್ಲಿ 45 ಮಿಲಿಓಮ್ ಇದ್ರೆ ಇಳಿಕೆ 0.68. ಐದು ಸಾಲಿಗೆ ಸೇರಿ 3.4 ವೋಲ್ಟ್ ಪ್ಯಾಕಿನ ಒಳಗೇ ಬಿಸಿಯಾಗಿ ಹೋಯ್ತು.

ಬಿಟ್ ಸಿಕ್ಕಿಹಾಕಿಕೊಂಡಾಗ ನಿಜವಾದ ಪರೀಕ್ಷೆ. ಆ ಅರೆಕ್ಷಣ ಒಂದೊಂದು ಸೆಲ್ 30 ಆಂಪಿಯರ್ ಕೊಡಬೇಕಾಗಿ ಬಂದ್ರೆ ಒಳ್ಳೆಯದು 3.0 ವೋಲ್ಟ್‌ಗೆ ಇಳಿದು ಕೆಲಸ ಮುಂದುವರಿಸುತ್ತೆ. 45 ಮಿಲಿಓಮ್‌ದು 2.25ಕ್ಕೆ ಕುಸಿಯುತ್ತೆ. ಸೆಲ್ 2.5ರ ಕೆಳಗೆ ಹೋದ ತಕ್ಷಣ ಕಟ್ ಮಾಡೋ ಬೋರ್ಡ್ ಇದ್ರೆ ಡ್ರಿಲ್ ಅಲ್ಲೇ ನಿಲ್ಲುತ್ತೆ. 'ಫುಲ್ ಚಾರ್ಜ್ ತೋರಿಸ್ತಿದೆ, ಸ್ಕ್ರೂ ಬಿಗಿ ಮಾಡೋಕೆ ಹೋದ್ರೆ ಆಫ್ ಆಗುತ್ತೆ' ಅನ್ನೋ ದೂರಿನ ಮೂಲ ಬಹುಪಾಲು ಇದೇ. ಜನ ಬೋರ್ಡ್ ಬದಲಾಯಿಸ್ತಾರೆ, ಏನೂ ಉಪಯೋಗ ಆಗಲ್ಲ.

ಬಿಸಿಯ ಲೆಕ್ಕ ಇನ್ನೂ ಕೆಟ್ಟದು, ಅಲ್ಲಿ ಆಂಪಿಯರ್‌ನ ವರ್ಗ ಬರುತ್ತೆ. 15 ಆಂಪಿಯರ್‌ನಲ್ಲಿ ಒಳ್ಳೆ ಸೆಲ್‌ಗೆ 4.5 ವಾಟ್, ಹೆಸರಿಲ್ಲದ್ದಕ್ಕೆ 10. 45 ಗ್ರಾಂ ತೂಕದ ಸೆಲ್‌ಗೆ ಹತ್ತು ವಾಟ್ ಅಂದ್ರೆ ಬಿಸಿ ಹೊರಗೆ ಹೋಗದಿದ್ರೆ ನಿಮಿಷಕ್ಕೆ ಹತ್ತು ಡಿಗ್ರಿಗೂ ಜಾಸ್ತಿ ಏರಿಕೆ. ಮೇ ತಿಂಗಳ ಕಲಬುರಗಿಯಲ್ಲಿ ಪ್ಯಾಕ್ ಶುರುವಾಗೋದೇ 40 ಡಿಗ್ರಿಯಿಂದ.

ಈಗ ಬೆಲೆ. (3.6 ಕಳೆ ಇಳಿಕೆ) ಗುಣಿಸು ಆಂಪಿಯರ್-ಅವರ್, ಇದು ನಿಮ್ಮ ಲೋಡ್‌ನಲ್ಲಿ ಸಿಗೋ ವಾಟ್-ಅವರ್‌ನ ಅಂದಾಜು. 25ಆರ್‌ಗೆ 3.3 × 2.5, ಅಂದ್ರೆ 8.25. ಹೆಸರಿಲ್ಲದ್ದರಲ್ಲಿ ನಿಜಕ್ಕೂ 1500 ಎಂಎಎಚ್ ಇತ್ತು ಅನ್ನೋಣ: 2.92 × 1.5, ಸುಮಾರು 4.4. ವಾಟ್-ಅವರ್‌ಗೆ 400ರದ್ದು 48 ರೂಪಾಯಿ, 150ರದ್ದು 34. ಹೌದು, ಕಾಗದದ ಮೇಲೆ ಮೊದಲ ದಿನ ಅಗ್ಗದ್ದೇ ಗೆಲ್ಲುತ್ತೆ! ಅಂಗಡಿಯವರು ಇದನ್ನೇ ಹೇಳ್ತಾರೆ. ಆದ್ರೆ ನಿಮ್ಮ ಪ್ಯಾಕಿನಲ್ಲಿ ಹತ್ತೇ ಸೆಲ್ಲಿಗೆ ಜಾಗ, ಅಗ್ಗದ್ದು ಅಂತ ಇಪ್ಪತ್ತು ತುರುಕೋಕೆ ಆಗಲ್ಲ. ಜೊತೆಗೆ, 25ಆರ್‌ನ ಡೇಟಾಶೀಟ್ 4 ಆಂಪಿಯರ್ ಚಾರ್ಜ್, 20 ಆಂಪಿಯರ್ ಡಿಸ್ಚಾರ್ಜ್‌ನಲ್ಲಿ 250 ಸಲ ಬಳಸಿದ ಮೇಲೂ 1500 ಎಂಎಎಚ್ ಉಳಿಯುತ್ತೆ ಅಂತ ಬರೆದುಕೊಡುತ್ತೆ. ಅಂದ್ರೆ 25ಆರ್‌ನ ಮುದಿತನವೇ ಅಗ್ಗದ್ದರ ಯೌವನ. ಮೇಲಿಂದ ವೆಲ್ಡಿಂಗ್ ಕೂಲಿ ಎರಡಕ್ಕೂ ಒಂದೇ, ವರ್ಷದೊಳಗೆ ಮತ್ತೆ ಬಿಚ್ಚಿಸಿದ್ರೆ ಅದೂ ಎರಡು ಪಟ್ಟು.

ಬೇರೆ ಸೆಲ್‌ಗಳು. 30ಕ್ಯೂ 3000 ಎಂಎಎಚ್, 15 ಆಂಪಿಯರ್ (ಸೆಲ್ ನಿರಂತರವಾಗಿ ಕೊಡಬಲ್ಲ ಕರೆಂಟ್). ಎರಡರ ಜೋಡಿಯಲ್ಲಿ ಡ್ರಿಲ್ಲಿಗೆ ಹೇಳಿ ಮಾಡಿಸಿದ್ದು. 480ರ ಮಿತಿ ಹೇಳಿದ್ದು ಇದಕ್ಕೇ: ಎಂಎಎಚ್ 20 ಪರ್ಸೆಂಟ್ ಜಾಸ್ತಿ, ಬೆಲೆಯೂ ಅಷ್ಟರೊಳಗೆ ಇರಲಿ. ಎಲ್‌ಜಿ ಎಚ್‌ಜಿ2 ಹೆಚ್ಚುಕಮ್ಮಿ ಇದೇ ದರ್ಜೆ. ಮೊಲಿಸೆಲ್ ಪಿ28ಎ 2800 ಎಂಎಎಚ್, 35 ಆಂಪಿಯರ್. ಗ್ರೈಂಡರ್, ಸರ್ಕ್ಯುಲರ್ ಸಾ ಇದ್ರೆ ಅಥವಾ ಐದೇ ಸೆಲ್‌ನ ಸಣ್ಣ ಪ್ಯಾಕ್ ಆಗಿದ್ರೆ ಇದಕ್ಕೆ ದುಡ್ಡು ಹಾಕಿ. ಬರೀ ಡ್ರಿಲ್ಲಿಗೆ, ಅದೂ 2ಪಿಯಲ್ಲಿ, ದುಬಾರಿ ಶೋಕಿ. ಸೋನಿ-ಮುರಾಟ ವಿಟಿಸಿ6ಗೆ ಕೆಲವರು 30 ಆಂಪಿಯರ್ ಅಂತಾರೆ, ಕೆಲವರು 15. ಎರಡೂ ಸುಳ್ಳಲ್ಲ: 15 ನಿರಂತರ, 30 ಅಂದ್ರೆ ಸೆಲ್ 80 ಡಿಗ್ರಿ ಮುಟ್ಟಿದ ಕೂಡಲೇ ನಿಲ್ಲಿಸೋ ಷರತ್ತಿನ ಮೇಲೆ. ಮೋಸ ಹೋಗೋದು ಸ್ಯಾಮ್ಸಂಗ್ 35ಇ ವಿಷಯದಲ್ಲಿ. ಅಪ್ಪಟ ಅಸಲಿ, 3500 ಎಂಎಎಚ್, ಆದ್ರೆ 8 ಆಂಪಿಯರ್ ಅಷ್ಟೇ. ಲ್ಯಾಪ್‌ಟಾಪ್ ಥರದ ಕೆಲಸಕ್ಕೆ ಹುಟ್ಟಿದ್ದು. 21700 ಸೆಲ್‌ಗಳಲ್ಲಿ ಮೊಲಿಸೆಲ್ ಪಿ42ಎ (4200 ಎಂಎಎಚ್, 45 ಆಂಪಿಯರ್) ಸೊಗಸಾಗಿದೆ, ಆದ್ರೆ 21 ಮಿ.ಮೀ. ದಪ್ಪ, 70 ಉದ್ದ; ನಿಮ್ಮ ಡಬ್ಬಿಯಲ್ಲಿ ಕೂರಲ್ಲ.

ಅಸಲಿಯೋ ನಕಲಿಯೋ ಅಂತ ಅಂಗಡಿಯಲ್ಲೇ ನೋಡಬಹುದು. ಆಭರಣ ತೂಗೋ ಥರದ ಚಿಕ್ಕ ತಕ್ಕಡಿ ಒಯ್ಯಿರಿ: ಈ ದರ್ಜೆಯ 18650 ಹೆಚ್ಚುಕಮ್ಮಿ 43ರಿಂದ 48 ಗ್ರಾಂ ತೂಗಬೇಕು. 35 ಬಂದ್ರೆ ಮಾತು ಮುಂದುವರಿಸಬೇಡಿ. 9900 ಎಂಎಎಚ್ ಅಂತ ಬರೆದಿದ್ರಂತೂ ತೂಗೋದೂ ಬೇಡ. ತೂಕ ಸರಿ ಇದ್ದು ಹಳೇ ಸೆಲ್‌ಗೆ ಹೊಸ ಹೊದಿಕೆ ಹಾಕಿರೋದೂ ಉಂಟು. ತುದಿಗಳಲ್ಲಿ ವೆಲ್ಡ್ ಚುಕ್ಕೆ, ಉಜ್ಜಿದ ಗುರುತು ಹುಡುಕಿ.

ಮನೆಗೆ ತಂದ ಮೇಲೆ 1 ಓಮ್, 25 ವಾಟ್ ವೈರ್‌ವೂಂಡ್ ರೆಸಿಸ್ಟರ್ ಸಾಕು. ಸೆಲ್ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಬಿಟ್ಟು ವೋಲ್ಟೇಜ್ ಬರೆದುಕೊಳ್ಳಿ. ರೆಸಿಸ್ಟರ್ ಜೋಡಿಸಿದ್ರೆ ಸುಮಾರು 4 ಆಂಪಿಯರ್ ಹರಿಯುತ್ತೆ. ಐದು ಸೆಕೆಂಡಿಗೆ ಮತ್ತೆ ಓದಿ. 0.08 ವೋಲ್ಟ್ ಇಳಿದ್ರೆ 20 ಮಿಲಿಓಮ್, 0.16 ಇಳಿದ್ರೆ 40. ಮೀಟರ್ ಕಡ್ಡಿಗಳನ್ನು ಸೆಲ್‌ನ ತುದಿಗೇ ಒತ್ತಿ. ವೈರಿನ ಮೇಲೆ ಇಟ್ರೆ ವೈರಿನ ಪ್ರತಿರೋಧವನ್ನೂ ಸೆಲ್‌ನ ತಲೆಗೆ ಕಟ್ತೀರಿ. ರೆಸಿಸ್ಟರ್ ಸುಡುತ್ತೆ, ಬರಿಗೈಯಲ್ಲಿ ಹಿಡೀಬೇಡಿ. ಹತ್ತರಲ್ಲಿ ಒಂದು ಸೆಲ್ ಉಳಿದವಕ್ಕಿಂತ 5 ಮಿಲಿಓಮ್ ಜಾಸ್ತಿ ತೋರಿಸಿದ್ರೆ ವಾಪಸ್ ಕೊಡಿ, ಪ್ಯಾಕನ್ನು ಮೊದಲು ಕೆಡಿಸೋದು ಅದೇ.

ಜೋಡಣೆಯಲ್ಲಿ ಒಳ್ಳೆ ಸೆಲ್ ಹಾಳಾಗೋದು ಸ್ಟ್ರಿಪ್‌ನಿಂದ. 0.15 × 8 ಮಿ.ಮೀ. ನಿಕಲ್ ಪಟ್ಟಿ ಆರೇಳು ಆಂಪಿಯರ್‌ಗೆ ಸರಿ, ನಿಮಗೆ ಬೇಕಾಗಿರೋದು 15. ಶುದ್ಧ ನಿಕಲ್‌ನ 0.2 ಮಿ.ಮೀ. ಪಟ್ಟಿ ಎರಡು ಪದರ ಹಾಕಿಸಿ. ನಿಕಲ್ ಲೇಪಿಸಿದ ಉಕ್ಕನ್ನು ನಿಕಲ್ ಅಂತ ಮಾರ್ತಾರೆ. ಗೀರಿ ಉಪ್ಪುನೀರಲ್ಲಿ ರಾತ್ರಿ ಬಿಟ್ರೆ ಬೆಳಗ್ಗೆ ತುಕ್ಕು ಹೇಳುತ್ತೆ. ಸಾಲ್ಡರಿಂಗ್ ಐರನ್ ನೇರ ಸೆಲ್ ಮೇಲೆ ಇಡೋ ಅಂಗಡಿಯಿಂದ ಎದ್ದು ಬನ್ನಿ, ಸ್ಪಾಟ್ ವೆಲ್ಡ್ ಮಾತ್ರ. ಪ್ಲಸ್ ತುದಿಗೆ ಕಾಗದದ ಇನ್ಸುಲೇಟರ್ ಉಂಗುರ ಮರೆಯಬಾರದು: ಪ್ಲಸ್ ಗುಂಡಿಯ ಸುತ್ತ ಇರೋ ಅಂಚು ಮೈನಸ್, ನಡುವೆ ಒಂದು ಮಿಲಿಮೀಟರ್ ಆಚೀಚೆ ಜಾಗ. ಜೋಡಿ ಮಾಡೋ ಎರಡು ಸೆಲ್‌ಗಳ ವೋಲ್ಟೇಜ್ ವ್ಯತ್ಯಾಸ 0.02 ಒಳಗಿರಲಿ.

ಬಿಚ್ಚುವ ಮೊದಲು ಬೋರ್ಡಿನ ತಂತಿಗಳ ಕ್ರಮದ ಫೋಟೋ ತೆಗೀರಿ. ಕೆಲವು ಬೋರ್ಡ್‌ಗಳು ಒಮ್ಮೆ ಸಪ್ಲೈ ತಪ್ಪಿದ್ರೆ ಶಾಶ್ವತವಾಗಿ ಲಾಕ್ ಆಗುತ್ತವೆ, ಹಾಗಾಗಿ ನಿಮ್ಮ ಮಾಡೆಲ್‌ಗೆ ಅದು ಉಂಟಾ ಅಂತ ಸೆಲ್ ಕೊಳ್ಳೋ ಮುಂಚೆಯೇ ವಿಚಾರಿಸಿ. ಫಾಸ್ಟ್ ಚಾರ್ಜರ್ ಇದ್ರೆ ಅದರ ಮೇಲೆ ಬರೆದ ಆಂಪಿಯರ್ ಅನ್ನು ಎರಡರಿಂದ ಭಾಗಿಸಿ. 25ಆರ್, 30ಕ್ಯೂ ಎರಡಕ್ಕೂ ಮಿತಿ ಸೆಲ್‌ಗೆ 4.