ರಿಪೋರ್ಟಿನ್ಯಾಗ ತಾರೀಖು ತಿದ್ದು ಅಂತಾರ, ಕೆಲಸ ಕೊಡಿಸಿದವರೂ ಅವರ

ಪ್ರಶ್ನೆ: ಅಕ್ಕಾ, ನನಗ 26 ವರ್ಷ. ಬೆಳಗಾವಿ ಉದ್ಯಮಬಾಗದಾಗ ಪಂಪಿನ ಪಾರ್ಟ್ಸ್ ಮಾಡೋ ಒಂದು ಫ್ಯಾಕ್ಟರಿಯೊಳಗ ಪರ್ಚೇಸ್ ಡೇಟಾ ನೋಡ್ಕೊಂಡು ತಿಂಗಳಾ ರಿಪೋರ್ಟ್ ಮಾಡ್ತೀನಿ. ನಮ್ಮ ಪರ್ಚೇಸ್ ಮ್ಯಾನೇಜರು ಅಪ್ಪಾರ ದೋಸ್ತರು, ನಾ ಕಾಕಾ ಅಂತೀನಿ, ಕೆಲಸ ಕೊಡಿಸಿದ್ದೂ ಅವರ. ಈಗ ಒಬ್ಬ ವೆಂಡರಿನ ಮಾಲು ಲೇಟಾಗಿ ಬಂದ್ರ ಪಿಓ (ವೆಂಡರಿಗೆ ಕೊಟ್ಟ ಖರೀದಿ ಆರ್ಡರ್) ಒಳಗಿನ ಡೆಲಿವರಿ ಡೇಟ್ ಮುಂದ ಹಾಕಿ ಆನ್ ಟೈಮ್ ತೋರ್ಸು ಅಂತಾರ, ಸೇವಿಂಗ್ಸೂ (ಖರೀದಿಯೊಳಗ ಉಳಿಸಿದ ರೊಕ್ಕ) ಹೆಚ್ಚಿಗಿ ತೋರ್ಸು ಅಂತಾರ. ಪ್ಲಾಂಟ್ ಹೆಡ್ಡಿಗೆ ಹೇಳಿದ್ರ ಎರಡೂ ಮನಿ ಸಂಬಂಧ ಕೆಡ್ತೈತಿ, ಸುಮ್ಮನಿದ್ರ ನಿದ್ದಿ ಬರೂದಿಲ್ಲ. ಏನ್ ಮಾಡ್ಲಿ?

ಉತ್ತರ: ತಂಗಿ, ಕಾಕಾ ಆ ವೆಂಡರಿನ ಕಡಿಂದ ಏನರ ತಿಂದಾರ ಅಂತ ನಿನ್ನ ಮನಸ್ಸಿನ್ಯಾಗ ಕುಂತೈತಿ, ನೀ ಬರದಿಲ್ಲ ಆದ್ರೂ ಕಾಣಿಸ್ತೈತಿ. ಸದ್ಯ ಅದನ್ನ ಬದಿಗಿಡು. ಯಾಕಂದ್ರ ನಿನ್ನ ಕಡೆ ಇರೋದು ತಾರೀಖಿನ ಲೆಕ್ಕ ಅಷ್ಟ, ಲಂಚದ ಲೆಕ್ಕ ಅಲ್ಲ.

ಮೊದಲು ಲೇಟ್ ಅಂದ್ರ ಯಾವ ತಾರೀಖಿನಿಂದ ಲೇಟ್ ಅಂತ ನೋಡು. ಗಾಡಿ ಗೇಟಿಗೆ ಶುಕ್ರವಾರ ಬಂದಿರ್ತೈತಿ, ಸ್ಟೋರಿನವರು ಜಿಆರ್‌ಎನ್ (ಮಾಲು ಮುಟ್ಟಿದ್ದಕ್ಕ ಮಾಡೋ ಚೀಟಿ) ಸೋಮವಾರ ಮಾಡಿರ್ತಾರ, ಕ್ವಾಲಿಟಿಯವರು ಬುಧವಾರ ಪಾಸ್ ಮಾಡಿರ್ತಾರ, ನೀ ಜಿಆರ್‌ಎನ್ ತಾರೀಖು ಹಿಡಿದು ರಿಪೋರ್ಟ್ ತಗದ್ರ ವೆಂಡರಿನ ತಲಿಮ್ಯಾಲೆ ನಿಮ್ಮ ಸ್ಟೋರಿನ ಲೇಟೂ ಬಂದು ಬೀಳ್ತೈತಿ, ಆಗ ಕಾಕಾ ಸಿಟ್ಟಾಗೋದ್ರಾಗ ತಪ್ಪೇನೈತಿ? ಗೇಟ್ ಎಂಟ್ರಿ ರಜಿಸ್ಟರ್ ಇಸ್ಕೊಂಡು ಆ ಒಂದು ವೆಂಡರಿಂದಷ್ಟ ತಾಳೆ ಹಾಕು. ಇನ್ನ ನಿಮ್ಮ ಪ್ರೊಡಕ್ಷನ್‌ನವರ ಶೆಡ್ಯೂಲ್ ಮುಂದ ಹಾಕಿ, ಅದಕ್ಕ ಪಿಓ ಡೇಟ್ ಬದಲಿ ಆಗಿದ್ರ ಅದು ಸರಿಯಾದ ಬದಲಾವಣೆನ. ಮಾಲು ಬಂದಮ್ಯಾಲೆ ಡೇಟ್ ಬದಲಿ ಆಗಿದ್ರ ಮಾತ್ರ ಅದು ಬ್ಯಾರೆ ಕಥಿ.

ನಿಮ್ಮಲ್ಲಿ ಸ್ಯಾಪ್ (ಕಂಪನಿ ಲೆಕ್ಕ, ಖರೀದಿ ಎಲ್ಲಾ ನೋಡೋ ಸಾಫ್ಟ್‌ವೇರ್) ಇದ್ರ ಇದು ಮುಚ್ಚಿಡೋ ವಿಷಯನ ಅಲ್ಲ. ಪಿಓ ತಗದು ಐಟಂ ಚೇಂಜಸ್ ನೋಡಿದ್ರ ಯಾರ ಐಡಿಯಿಂದ, ಎಂದು, ಹಳೇ ಡೇಟ್ ಯಾವುದು, ಹೊಸಾದು ಯಾವುದು ಎಲ್ಲಾ ಬರ್ತೈತಿ. ಡೆಲಿವರಿ ಡೇಟಿನ ಜೊತಿಗೇ ಸ್ಟ್ಯಾಟಿಸ್ಟಿಕಲ್ ಡೆಲಿವರಿ ಡೇಟ್ ಅಂತ ಇನ್ನೊಂದು ಫೀಲ್ಡ್ ಐತಿ, ವೆಂಡರ್ ರೇಟಿಂಗಿಗೆ ಇರೋದ ಅದು. ನಾಳೆ ಆಡಿಟರ್ ಬಂದು ಕೇಳಿದ್ರ ಐಡಿ ಯಾರದೈತೋ ಅವರ ಉತ್ತರ ಕೊಡಬೇಕು, ಕಾಕಾ ಬಾಯಿಮಾತಿಲೆ ಹೇಳಿದ್ರು ಅನ್ನೋದು ಅಲ್ಲಿ ನಡ್ಯೂದಿಲ್ಲ. ಅದಕ್ಕ ನಿನ್ನ ಲಾಗಿನ್‌ನಿಂದ ಡೇಟ್ ಬದಲಿ ಮಾಡೋದು ಇವತ್ತಿಗೇ ನಿಲ್ಲಿಸು. ಪಿಓ ತಿದ್ದೋದು ಬಯರ್, ಅಂದ್ರ ಖರೀದಿ ಮಾಡೋರ ಕೆಲಸ, ರಿಪೋರ್ಟ್ ಮಾಡೋರದ್ದಲ್ಲ.

ಸೇವಿಂಗ್ಸ್ ಅನ್ನೋ ಕಾಲಂ ಅಂತೂ ಎಲ್ಲಾ ಕಂಪನಿಯೊಳಗೂ ಹಿಗ್ಗೋದ, ನನಗ ಅದನ್ನ ನೋಡಿದ್ರ ನಗು ಬರ್ತೈತಿ. ವೆಂಡರ್ ಮೊದಲು 118 ರೂಪಾಯಿ ಕೋಟ್ ಕೊಟ್ಟ, 110ಕ್ಕ ಮುಗೀತು, ಹೋದ ಸಲ ತಗೊಂಡಿದ್ದು 112ಕ್ಕ. ಕಾಕಾ 8 ಅಂತಾರ, ನೀ 2 ಅಂತಿ. ಅದರಾಗೂ ಕಚ್ಚಾ ಮಾಲಾದ ಸ್ಕ್ರ್ಯಾಪ್ ಲೋಹದ ರೇಟು ಮಾರ್ಕೆಟ್ಟಿನ್ಯಾಗ ತಾನ ಇಳಿದಿದ್ರ ಆ 2 ಸುದ್ದಾ ಯಾರ ಜಾಣತನನೂ ಅಲ್ಲ. ಇಲ್ಲಿ ಜಗಳ ಬ್ಯಾಡ, ಎರಡು ಕಾಲಂ ಮಾಡು, ಒಂದು ಕೋಟ್‌ಗೆ ಹೋಲಿಸಿ, ಇನ್ನೊಂದು ಹಿಂದಿನ ರೇಟಿಗೆ ಹೋಲಿಸಿ, ಹೆಸರು ಸಾಫಾಗಿ ಬರಿ. ಡೆಲಿವರಿಗೂ ಹಂಗ, ಮೂಲ ಡೇಟಿನ ಪ್ರಕಾರ ಎಷ್ಟು, ತಿದ್ದಿದ ಡೇಟಿನ ಪ್ರಕಾರ ಎಷ್ಟು.

ಒಂದು ಕಡೆ ಮಾತ್ರ ಗಟ್ಟಿ ನಿಲ್ಲು. ಮಾಲು ಬಂದ ತಾರೀಖನ್ನ ಮುಟ್ಟು ಅಂದ್ರ ಬಿಲ್ಕುಲ್ ಆಗೂದಿಲ್ಲ ಅನ್ನು. ಉದ್ಯಮಬಾಗದಾಗ ಎರಡು ಲೇತ್ ಇಟ್ಕೊಂಡು ಜಾಬ್‌ವರ್ಕ್ ಮಾಡೋ ಸಣ್ಣ ಮಂದಿ ಎಷ್ಟು ಅದಾರ ನಿನಗ ಗೊತ್ತು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮಿ) ಕಾಯ್ದೆ ಪ್ರಕಾರ ಬರವಣಿಗಿ ಕರಾರು ಇದ್ರೂ ಅವರ ರೊಕ್ಕ 45 ದಿನದ ಮ್ಯಾಲೆ ನಿಲ್ಲಿಸೋ ಹಂಗಿಲ್ಲ, ಆ ದಿನದ ಎಣಿಕಿ ಮಾಲು ಮುಟ್ಟಿದ ದಿನದ ಮ್ಯಾಲೆ ನಿಂತೈತಿ. ತಾರೀಖು ನಾಕು ದಿನ ಸರಿದ್ರ ಅವನ ಪೇಮೆಂಟೂ ನಾಕು ದಿನ ಸರೀತೈತಿ.

ಈಗ ಕಾಕಾನ ಮಾತು. ಮೀಟಿಂಗಿನ್ಯಾಗ ಬ್ಯಾಡ, ಪ್ಲಾಂಟ್ ಹೆಡ್ ಕಡೆ ಓಡೋದೂ ಸದ್ಯ ಬ್ಯಾಡ. ಚಾ ಟೈಮಿನ್ಯಾಗ ಒಬ್ಬರ ಸಿಕ್ಕಾಗ ಹೋಗಿ, "ಕಾಕಾ, ಡೇಟ್ ತಿದ್ದಿದ್ದು ಸಿಸ್ಟಂನ್ಯಾಗ ನನ್ನ ಹೆಸರಿಲೆ ಕಾಣ್ತೈತಿ, ನನಗ ಅಂಜಿಕಿ ಆಗ್ತೈತಿ, ಎರಡೂ ನಂಬರ್ ಹಾಕ್ತೀನ್ರಿ" ಅನ್ನು. ಹೌದು ಅಂದ್ರ ಅದನ್ನ ಎರಡು ಸಾಲಿನ ಮೇಲ್ ಮಾಡಿ ಅವರಿಗೇ ಕಳಿಸು. ಸಿಟ್ಟಾದ್ರ ವಾದ ಮಾಡಬ್ಯಾಡ, ನಿನ್ನ ಶೀಟ್ ನೀ ಮೇಲ್ ಮಾಡು, ತಿದ್ದೋದಿದ್ರ ಅವರ ತಿದ್ದಿ ತಮ್ಮ ಹೆಸರಿಲೆ ಮುಂದ ಕಳಿಸ್ಲಿ. ಅಷ್ಟಾದ್ರೂ ನಿನ್ನ ಹೆಸರಿಲೇ ಸುಳ್ಳು ನಂಬರ್ ಹೋಗಾಕತ್ತಿದ್ರ, ಆಗ ಪ್ಲಾಂಟ್ ಹೆಡ್ ಕಡೆ ಹೋಗು.

ಅಪ್ಪಾರಿಗೆ ಮಾತ್ರ ಈಗ್ಲೇ ಹೇಳಿಡು, ಕಾಕಾನ ಮ್ಯಾಲೆ ದೂರು ಅಂತ ಅಲ್ಲ, ಆಫೀಸಿನ್ಯಾಗ ಹಿಂಗೊಂದು ಭಿನ್ನಾಭಿಪ್ರಾಯ ಐತಿ ಅಂತ. ಮುಂದಿನ ಲಗ್ನದಾಗ ಕಾಕಾನ ಬಾಯಿಂದ ಮೊದಲ ಸಲ ಕೇಳಿದ್ರ ಅವರು ನಿನ್ನ ಮಾತು ನಂಬೂದು ಕಷ್ಟ.