ಕಕ್ಷಿದಾರರೋ ಸಿಬ್ಬಂದಿಯೋ: ಸಣ್ಣ ವಕೀಲರ ಕಚೇರಿಯಲ್ಲಿ ಮೊದಲ ಗಮನ ಯಾರಿಗೆ?

ಇಬ್ಬರು ಕಿರಿಯ ವಕೀಲರು, ಒಬ್ಬ ಗುಮಾಸ್ತ ಮತ್ತು ಒಬ್ಬ ಟೈಪಿಸ್ಟ್ ಇರುವ ಕಚೇರಿಯಲ್ಲಿ ಕಕ್ಷಿದಾರರ ಜೊತೆ ಕುಳಿತರೆ ಸಿಬ್ಬಂದಿಯ ಕೆಲಸ ಹಿಂದೆ ಬೀಳುತ್ತದೆ, ಸಿಬ್ಬಂದಿಯನ್ನು ನೋಡಿಕೊಂಡರೆ ಕಕ್ಷಿದಾರರು ಮುನಿಸಿಕೊಳ್ಳುತ್ತಾರೆ, ಯಾವುದಕ್ಕೆ ಮೊದಲು ಗಮನ ಕೊಡಬೇಕು ಎಂದು ಕೇಳಿದ್ದೀರಿ. ಕೋಲಾರದಲ್ಲಿ ಹೆಚ್ಚಾಗಿ ಸಿವಿಲ್ ವ್ಯಾಜ್ಯಗಳನ್ನೇ ನಡೆಸುವ ಸಣ್ಣ ಕಚೇರಿಯ ಅನುಭವದಿಂದ ಹೇಳುವುದಾದರೆ, ಮೊದಲು ಸಿಬ್ಬಂದಿಗೆ. ಕಕ್ಷಿದಾರನ ಪಾಲಿಗೆ ನಮ್ಮ ಕಚೇರಿಯೆಂದರೆ ಬಹುಮಟ್ಟಿಗೆ ಅವರೇ.

ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಪಹಣಿ, ಮ್ಯುಟೇಷನ್ ಪ್ರತಿಗಳನ್ನು ಹಿಡಿದು ಬೆಳಗಿನ ಬಸ್ಸಿಗೆ ಬರುವ ರೈತನಿಗೆ, ನಾವು ಪಾಟೀಸವಾಲಿನಲ್ಲಿ ಮುಳುಗಿರುವ ಹೊತ್ತಿನಲ್ಲಿ ಎದುರಾಗುವವರು ಗುಮಾಸ್ತರು. ‘ಸಾರ್ ಕೋರ್ಟಿನಲ್ಲಿದ್ದಾರೆ, ಸಂಜೆ ಬನ್ನಿ’ ಎಂದು ಕಳುಹಿಸಿದರೆ ಅವರ ಒಂದು ದಿನದ ದುಡಿಮೆ ಹೋಯಿತು. ಅದರ ಬದಲು ‘ನಿಮ್ಮ ಆಸ್ತಿ ವಿಭಾಗದ ದಾವೆ ಇವತ್ತು ಸಾಕ್ಷ್ಯಕ್ಕಿತ್ತು, ಎದುರು ಪಕ್ಷದವರು ಸಮಯ ಕೇಳಿದ್ದಾರೆ’ ಎಂದು, ಬೇಕಾದರೆ ತೆಲುಗಿನಲ್ಲೇ ತಿಳಿಸಿ, ಮುಂದಿನ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರು ನಿಶ್ಚಿಂತೆಯಿಂದ ಊರಿಗೆ ಮರಳುತ್ತಾರೆ. ಹಾಗೆ ಹೇಳಬೇಕಾದರೆ ಪ್ರಕರಣ ಯಾವ ಹಂತದಲ್ಲಿದೆ ಎಂಬುದು ಗುಮಾಸ್ತರಿಗೂ ಗೊತ್ತಿರಬೇಕು.

ಅದಕ್ಕಾಗಿ ಸಂಜೆ ಕಕ್ಷಿದಾರರನ್ನು ಒಳಗೆ ಕರೆಯುವ ಮುನ್ನ ಅರ್ಧ ಗಂಟೆಯನ್ನು ಸಿಬ್ಬಂದಿಗೆಂದೇ ಮೀಸಲಿಡಿ. ಇವತ್ತು ಏನಾಯಿತು, ನಾಳೆಯ ಪಟ್ಟಿಯಲ್ಲಿ ಏನಿದೆ, ಯಾರಿಗೆ ಫೋನ್ ಮಾಡಬೇಕು, ಇಷ್ಟೇ ಮಾತು. ಇದರ ಜೊತೆಗೆ ಕಾಲಮಿತಿಗೆಂದೇ ಒಂದು ಪ್ರತ್ಯೇಕ ಪುಸ್ತಕ ಇರಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಪ್ರತಿ ಪ್ರಕರಣಕ್ಕೂ ದಾಖಲಾದಾಗ ಸಿಗುವ, ಅಕ್ಷರ ಮತ್ತು ಅಂಕಿ ಸೇರಿ 16 ಸ್ಥಾನಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ನ್ಯಾಯಾಲಯಗಳ ಇ-ಕೋರ್ಟ್ಸ್ ಆ್ಯಪ್ ಮುಂದಿನ ದಿನಾಂಕವನ್ನು ತೋರಿಸುತ್ತದೆ. ಆದರೆ ಇನ್ನೂ ದಾಖಲಾಗದ ಪ್ರಕರಣದ ಗಡುವು ಅದಕ್ಕೆ ಗೊತ್ತಿರುವುದಿಲ್ಲ. ಚೆಕ್ ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು. ಸಿವಿಲ್ ದಾವೆಯ ಪ್ರತಿವಾದಿ ಸಮನ್ಸ್ ಜಾರಿಯಾದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ನ್ಯಾಯಾಲಯ ಕಾರಣ ದಾಖಲಿಸಿ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಇಂಥ ಪ್ರತಿಯೊಂದು ಗಡುವಿನ ಎದುರಿಗೂ ಅದಕ್ಕೆ ಹೊಣೆಯಾದ ಕಿರಿಯರ ಹೆಸರು ಬರೆದಿರಲಿ, ಮತ್ತು ವಾರಕ್ಕೊಮ್ಮೆ ಆ ಪುಸ್ತಕವನ್ನು ನೀವೇ ನೋಡಿ.

ಗೋಪ್ಯತೆಯ ವಿಷಯವನ್ನು ಕೆಲಸಕ್ಕೆ ಸೇರಿದ ದಿನವೇ ತಿಳಿಸಿ. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು ಎನ್ನುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮು ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ಎರಡೂ ಕಡೆಯ ಅಣ್ಣತಮ್ಮಂದಿರು ಒಂದೇ ಚಹಾದಂಗಡಿಯಲ್ಲಿ ಸಿಗುವ ಊರಿನಲ್ಲಿ ಇದು ಬಹಳ ಮುಖ್ಯ.

ಇನ್ನು ಸಂಬಳ. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿಗಳ ಕನಿಷ್ಠ ಸಹಾಯಧನ ನೀಡುವಂತೆ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸಲಹೆ ನೀಡಿತು. ಇದು ಕಡ್ಡಾಯವಲ್ಲ, ಸಣ್ಣ ಕಚೇರಿಗೆ ಸುಲಭವೂ ಅಲ್ಲ. ಆದರೂ ಕೊಡಬಲ್ಲಷ್ಟನ್ನು ನಿಗದಿ ಮಾಡಿ, ಫೀಸು ಬಂದಿರಲಿ ಬಾರದಿರಲಿ, ತಿಂಗಳಿನ ಅದೇ ದಿನ ಕೊಡಿ. ಬಸ್ ಚಾರ್ಜಿಗೂ ಪರದಾಡುವ ಹುಡುಗ ಹುಡುಗಿಯರಿಂದ ಕಕ್ಷಿದಾರರ ಮೇಲೆ ಅಕ್ಕರೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕಕ್ಷಿದಾರರ ಮುಂದೆ ಅವರನ್ನು ಗದರಿಸಲೂಬೇಡಿ. ಮರುದಿನದಿಂದ ಆ ಕಕ್ಷಿದಾರರು ಅವರ ಮಾತನ್ನು ನಂಬದೆ ಪ್ರತಿಯೊಂದಕ್ಕೂ ನಿಮಗೇ ಫೋನ್ ಮಾಡತೊಡಗುತ್ತಾರೆ.

ಇಷ್ಟೆಲ್ಲ ಮಾಡಿಯೂ ಕೆಲಸ ಹಿಂದೆ ಬೀಳುತ್ತಿದ್ದರೆ, ಕಚೇರಿ ಹೊರಲಾರದಷ್ಟು ಪ್ರಕರಣಗಳನ್ನು ನೀವು ಒಪ್ಪಿಕೊಂಡಿದ್ದೀರಿ ಎಂದೇ ಅರ್ಥ. ಹೊಸ ವಕಾಲತ್ತಿಗೆ ಸಹಿ ಹಾಕುವ ಮುನ್ನ ಆ ಕಡತವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕಿರಿಯರನ್ನು ಕೇಳಿ; ಇಬ್ಬರ ಕೈಯೂ ತುಂಬಿದ್ದರೆ ಬಂದವರಿಗೆ ಬೇರೆ ಒಳ್ಳೆಯ ವಕೀಲರ ಹೆಸರನ್ನು ಸೂಚಿಸಿ ಕಳುಹಿಸಿ.